ಮುಹರ್ರಕ್‌ನ ಹಲ್ವಾ ಅಂಗಡಿಯಲ್ಲಿ

ಅಂಗಡಿಗೆ ಬೀಗ ಬಿದ್ದ ಮೇಲೆ ನನ್ನ ಕೆಲಸ ಶುರು.
ತಾಮ್ರದ ಕೊಪ್ಪರಿಗೆ ಇನ್ನೂ ಬೆಚ್ಚಗಿತ್ತು.
ಕೇಸರಿ, ಏಲಕ್ಕಿ, ಪನ್ನೀರು, ಸೀದ ಸಕ್ಕರೆ,
ಉಸಿರೆಳೆದರೆ ಹಲ್ಲಿಗಂಟುವ ಗಾಳಿ.
ಅದರ ನಡುವೆ ನಾನು, ಮಂಡಿಯೂರಿ,
ಟೈಲ್ಸಿನ ಬಿರುಕಿಗೆ ಟಾರ್ಚು ಹಿಡಿದು.

ಮೊದಲ ರಾತ್ರಿ ಸೋತೆ.
ಸಕ್ಕರೆ ನೀರಿಗೆ ಚಿಟಿಕೆ ಬೋರಿಕ್ ಬೆರೆಸಿ
ಪ್ಲಾಸ್ಟಿಕ್ ಬಟ್ಟಲಲ್ಲಿ ಬಾಗಿಲ ಮೂಲೆಗಿಟ್ಟಿದ್ದೆ.
ಇರುವೆಗಳು ತಿರುಗಿಯೂ ನೋಡಲಿಲ್ಲ.
ಯಾಕೆ ನೋಡಬೇಕು?
ಮದುವೆಯೂಟಕ್ಕೆ ಹೊರಟವರ ಕೈ ಹಿಡಿದು
ಗಂಜಿಗೆ ಕರೆದ ಹಾಗಿತ್ತು.
ಬೆಳಿಗ್ಗೆ ಮಾಲೀಕ ಸಯ್ಯದ್ ಅದ್ನಾನ್ ತುಂಬಿದ ಬಟ್ಟಲು ನೋಡಿ ನಕ್ಕರು:
"ಯಾ ಕರುಣಾ, ನಿನ್ನ ಅಡುಗೆಗೆ ಗಿರಾಕಿ ಇಲ್ಲ."
ಕರುಣಾಕರ ಅವರ ಬಾಯಲ್ಲಿ ನಿಲ್ಲುವುದಿಲ್ಲ.
ಕಂಪನಿಯ ಕಾರ್ಡಿನಲ್ಲೂ ಅಚ್ಚಾಗಿರುವುದು ಅಷ್ಟೇ:
ಕರುಣಾ, ಕೀಟನಾಶ ವಿಭಾಗ.

ಮರುದಿನ ಲ್ಯಾಬಿನ ನಜ್ವಾ ಮೇಡಂ,
ಅಲೆಕ್ಸಾಂಡ್ರಿಯಾದವರು, ಮಾತು ಕಡಿಮೆ,
ಕಿರುಬೆರಳಷ್ಟು ಶೀಶೆ ಕೊಟ್ಟರು.
"ಒಂದೇ ಹನಿ. ಹೆಚ್ಚಾದರೆ ಕೆಟ್ಟಿತು."
ಮೂಸಿದೆ. ಏನೂ ಇಲ್ಲ.
ನನ್ನ ಮೂಗಿಗೆ ಬರೆದ ಕಾಗದವಲ್ಲ ಅದು.

ತಿಂಡಿ ಕಂಡ ಇರುವೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ
ಗೂಡಿನವರೆಗೆ ಎಳೆಯುವ ಗೆರೆ ಇದೆಯಲ್ಲ,
'ಹೋಗಿ ಬಂದೆ, ಇದೆ, ಬನ್ನಿ' ಅನ್ನುವುದು,
ಆ ವಾಸನೆಯನ್ನೇ ಗಾಜಿನ ಕೊಳವೆಯಲ್ಲಿ ಮಾಡುತ್ತಾರಂತೆ,
ಒಂದೂ ಇರುವೆ ಇಲ್ಲದೆ.
ಯಾರೂ ನಡೆಯದ ದಾರಿಗೆ
ಹೆಜ್ಜೆ ಗುರುತು.

ಹನಿ ಬಿತ್ತು.
ಕೊಪ್ಪರಿಗೆಯತ್ತ ಹೊರಟಿದ್ದ ಸಾಲು ತಡವರಿಸಿತು.
ಒಂದು ಮೀಸೆ ಆಡಿಸಿ ತಿರುಗಿತು.
ಅದರ ಹಿಂದಿನದು. ಅದರ ಹಿಂದಿನದು.
ರಾತ್ರಿ ಎರಡಕ್ಕೆ ಬಟ್ಟಲಂಚಿಗೆಲ್ಲ ಕಪ್ಪು ಜರಿ.
ಪಕ್ಕದ ತಟ್ಟೆಯ ಪಿಸ್ತಾ ಹಲ್ವಾಕ್ಕೆ
ಹೋಗುವವರೇ ಇಲ್ಲ.

ಬೆಲ್ಲ ಇದ್ದಲ್ಲಿ ಇರುವೆ ಅಂತಾರೆ.
ಅರ್ಧ ನಿಜ.
ಇರುವೆ ಇದ್ದಲ್ಲಿ ಇರುವೆ.

ನಮ್ಮ ರೂಮಿನಲ್ಲಿ ಏಳು ಮಂಚ,
ಏಳೂ ಹೆಜಮಾಡಿಯ ಆಚೀಚೆಯವು.
ನನ್ನನ್ನು ಕರೆಸಿದ್ದು ವಾಮನಣ್ಣ, ವಾಮನಣ್ಣನನ್ನು ಲೋಕು,
ಲೋಕುವನ್ನು ಯಾರೋ ಪಡುಬಿದ್ರಿಯ ಸಾಯಿಬರು.
ಸಾಯಿಬರನ್ನು?
ಅಷ್ಟು ಹಿಂದಿನದು ಯಾರಿಗೂ ನೆನಪಿಲ್ಲ.
ರಜೆಗೆ ಬಂದ ವಾಮನಣ್ಣನ ಅಂಗಿಯ ಅತ್ತರು
ಬಸ್ಸಿನಲ್ಲಿ ನನ್ನ ತೋಳಿಗೆ ತಾಗಿ
ಎರಡು ದಿನ ಹೋಗಲಿಲ್ಲ.
ಸಂಬಳ ಎಷ್ಟು ಅಂತ ನಾನು ಕೇಳಲೇ ಇಲ್ಲ.

ಬೇಗ ಕೊಲ್ಲುವ ವಿಷ ದಡ್ಡ ವಿಷ, ಮೇಡಂ ಹೇಳಿದ್ದರು.
ಮೆಲ್ಲಗಿರಬೇಕು.
ಹೊಟ್ಟೆ ತುಂಬ ಹೊತ್ತು ಗೂಡು ಸೇರಿ
ಬಾಯಿಂದ ಬಾಯಿಗೆ ಹಂಚಿ,
ಮರಿಗೆ ಕೊಟ್ಟು, ರಾಣಿಗೆ ಕೊಟ್ಟು,
ಆಮೇಲೆ.
ಯಾವುದೂ ಬಟ್ಟಲ ಹತ್ತಿರ ಸಾಯಲಿಲ್ಲ.
ಒಂಬತ್ತನೆಯ ದಿನಕ್ಕೆ ಬಿರುಕು ಖಾಲಿ.
ಫಲಿತಾಂಶದ ಕಾಲಂನಲ್ಲಿ 'ತೃಪ್ತಿಕರ' ಬರೆದು
ಸಯ್ಯದರ ಸಹಿ ಹಾಕಿಸಿಕೊಂಡೆ.
ಅವರು ಒಂದು ಡಬ್ಬಿ ಹಲ್ವಾ ಕೊಟ್ಟರು,
ಮುಚ್ಚಳಕ್ಕೆ ಬಂಗಾರದ ಬಣ್ಣ.

ರೂಮಿಗೆ ಬಂದು, ನಮ್ಮಮ್ಮ ಮಾಡುತ್ತಿದ್ದ ಹಾಗೆ,
ತಟ್ಟೆಗೆ ನೀರು ಹೊಯ್ದು
ನಡುವೆ ಡಬ್ಬಿ ಇಟ್ಟು ಮಲಗಿದೆ.

ಐದರ ಬಾಂಗಿಗೆ ಎಚ್ಚರ.
ಗೋಡೆಯಿಂದ ಇಳಿದ ಸಾಲು ನೀರಿನ ತಟ್ಟೆಯನ್ನು ಬಳಸಿ,
ಹಲ್ವಾ ಬಿಟ್ಟು,
ಮೊಳೆಗೆ ನೇತುಹಾಕಿದ ನನ್ನ ಯೂನಿಫಾರ್ಮಿನ
ಬಲಗೈ ತೋಳಿನೊಳಕ್ಕೆ ಹೋಗುತ್ತಿತ್ತು.
ಅಲ್ಲಿ ಏನೂ ಇರಲಿಲ್ಲ.
ಹೋದವು ಬರುತ್ತಿದ್ದವು, ಎದುರಾದವಕ್ಕೆ ಮೀಸೆ ತಾಗಿಸಿ
ಅವು ಏನಾದರೂ ಹೇಳಿಕೊಂಡವೋ,
ಇನ್ನಷ್ಟು ಬರುತ್ತಿದ್ದವು.

ಆರಕ್ಕೆ ವ್ಯಾನು.
ಅಂಗಿಯ ಕೊರಳು ಹಿಡಿದು ನಿಂತಿದ್ದೆ,
ಕೊಡವಲು ಕೈ ಬಾರದೆ.